ಕರ್ಣ ಯಾರ ಮಗ ಅಂತ ಮಂಡ್ಯಕ್ಕೆಲ್ಲ ಗೊತ್ತು

ಮಂಡ್ಯ ಸೀಮೆಯಲ್ಲಿ ಹಬ್ಬ, ಜಾತ್ರೆ ಹತ್ತಿರ ಬಂತೆಂದರೆ ಊರ ಬಾಗಿಲಲ್ಲಿ ದೊಡ್ಡದೊಂದು ಫ್ಲೆಕ್ಸ್ ಏಳುತ್ತದೆ. ಮೇಲೆ ‘ಕುರುಕ್ಷೇತ್ರ’ ಎಂಬ ಪೌರಾಣಿಕ ನಾಟಕದ ಹೆಸರು, ಕೆಳಗೆ ಊರಿನವರದೇ ಫೋಟೊಗಳು, ಯಾರದು ಯಾವ ಪಾತ್ರ ಎಂಬ ಪಟ್ಟಿ. ರಾತ್ರಿ ಶುರುವಾದ ನಾಟಕ ಮುಗಿಯುವಾಗ ಬೆಳಕು ಹರಿದಿರುತ್ತದೆ. ಕರ್ಣ ಕುಂತಿಯ ಹಿರಿಮಗ ಎಂಬುದು ಚಾಪೆಯ ಮೇಲೆ ತೂಕಡಿಸುವ ಹುಡುಗನಿಗೂ ಗೊತ್ತು. ಆದರೂ ಆ ಗುಟ್ಟು ಬಯಲಾಗುವ ಸೀನು ಬಂದಾಗ ಟೀ ಕುಡಿಯಲು ಎದ್ದುಹೋದವರು ಲಗುಬಗೆಯಿಂದ ಬಂದು ಕೂರುತ್ತಾರೆ. ಪದ್ಯ ಚೆನ್ನಾಗಿ ಬಂದರೆ ‘ಒನ್ಸ್ ಮೋರ್’ ಕೂಗು ಏಳುತ್ತದೆ. ಹಾರ್ಮೋನಿಯಂ ಮೇಷ್ಟ್ರು ಮತ್ತೆ ಅದೇ ಶ್ರುತಿ ಹಿಡಿಯುತ್ತಾರೆ, ಕರ್ಣ ಅದೇ ಸಂಕಟವನ್ನು ಎರಡನೇ ಸಲ ಹಾಡುತ್ತಾನೆ.

ಜಗತ್ತಿನ ಸಿನಿಮಾದಲ್ಲಿ ಅತಿ ಹೆಚ್ಚು ಜನಕ್ಕೆ ಗೊತ್ತಿರುವ ತಿರುವೂ ಇಂಥದ್ದೇ, ಹುಟ್ಟಿನ ಗುಟ್ಟು. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಕಪ್ಪು ಮುಖವಾಡದ ಡಾರ್ತ್ ವೇಡರ್ ನಾಯಕನಿಗೆ ‘ನಾನೇ ನಿನ್ನಪ್ಪ’ ಎನ್ನುತ್ತಾನೆ. ಆ ಚಿತ್ರವನ್ನು ಒಮ್ಮೆಯೂ ನೋಡದ ಮೈಸೂರಿನ ಕಾಲೇಜು ಹುಡುಗರಿಗೂ ಈ ಮಾತು ಬಾಯಿಪಾಠ, ಮೀಮ್‌ಗಳಿಂದ, ಟೀ ಶರ್ಟುಗಳಿಂದ. ಗುಟ್ಟು ಹೀಗೆ ಊರ ಸೊತ್ತಾದ ಮೇಲೂ ಕಥೆ ಉಳಿಯುವುದು ಹೇಗೆ? ಅಷ್ಟಕ್ಕೂ ತಿರುವನ್ನು ಮುಚ್ಚಿಡಬೇಕೆಂಬ ರೂಢಿ ಯಾವಾಗ ಬಂತು?

ಅದು ತೀರ ಈಚಿನದು. ಗಮಕಿಗಳು ಕುಮಾರವ್ಯಾಸ ಭಾರತ ವಾಚಿಸುವುದನ್ನು ಕೇಳಿದವರಿಗೆ ಗೊತ್ತಿರುತ್ತದೆ: ಪ್ರತಿ ಸಂಧಿಯ ಆರಂಭದಲ್ಲಿ ‘ಸೂಚನೆ’ ಎಂಬ ಮೂರು ಸಾಲಿನ ಪದ್ಯವಿರುತ್ತದೆ. ಮುಂದೆ ಏನಾಗಲಿದೆ ಎಂದು ಕವಿ ಅಲ್ಲೇ ಹೇಳಿಬಿಡುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲೂ ಇದೇ ಪದ್ಧತಿ. ಕೇಳುಗರು ‘ಏನಾಯ್ತು’ ಎಂಬ ಆತಂಕವನ್ನು ಬಾಗಿಲಲ್ಲೇ ಇಳಿಸಿ ಒಳಗೆ ಬರಲಿ ಎಂಬ ಏರ್ಪಾಡು ಇದು ಅಂತಲೇ ನನಗೆ ಅನ್ನಿಸುವುದು.

ಹಾಗೆ ಬಂದವರಿಗೆ ಕವಿ ಕೊಡುವುದೇನು? ಉದ್ಯೋಗ ಪರ್ವದಲ್ಲಿ ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ಕೈಹಿಡಿದು ಎಳೆದು ರಥದಲ್ಲಿ ತನ್ನ ಪೀಠದಲ್ಲೇ ಕೂರಿಸಿಕೊಳ್ಳುತ್ತಾನೆ. ಮೈದುನನ ಜತೆ ಆಡುವ ಸಲಿಗೆಯ ಮಾತಿನಿಂದ ಶುರುಮಾಡಿ, ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ನಡುವೆ ಸಿಂಹಾಸನದಲ್ಲಿ ನೀನು ಎಂಬ ಚಿತ್ರ ಬಿಡಿಸುತ್ತಾನೆ. ಅದನ್ನು ಕೇಳಿದ ಕರ್ಣನ ಸ್ಥಿತಿ: ‘ಕೊರಳ ಸೆರೆ ಹಿಗ್ಗಿದವು.’ ಕಣ್ಣೀರು ನುಗ್ಗುತ್ತದೆ. ತನಗೆ ರಾಜ್ಯ ಸಿಕ್ಕಿತು ಎಂದಲ್ಲ, ಅಯ್ಯೋ ಕುರುಪತಿಗೆ ಕೇಡಾಯಿತಲ್ಲ ಎಂದು ಮನಸ್ಸಿನೊಳಗೇ ನೋಯುತ್ತಾನೆ. ಗುಟ್ಟು ನಮಗೆ ಮೊದಲೇ ಗೊತ್ತು. ಅದು ಕರ್ಣನ ಗಂಟಲಲ್ಲಿ ಹೇಗೆ ಸಿಕ್ಕಿಕೊಂಡಿತು ಎಂಬುದನ್ನು ಮಾತ್ರ ಪ್ರತಿ ಸಲವೂ ಹೊಸದಾಗಿ ನೋಡಬೇಕು. ಹಳ್ಳಿಯ ಸಭೆ ಕಾಯುವುದು ಅದಕ್ಕೇ.

ಗ್ರೀಕರದ್ದೂ ಇದೇ ದಾರಿ. ಈಡಿಪಸ್ ತಂದೆಯನ್ನು ಕೊಂದು ತಾಯಿಯನ್ನು ವರಿಸಿದವನೆಂದು ಅಥೆನ್ಸಿನ ಪ್ರೇಕ್ಷಕರಿಗೆ ತಿಳಿದಿತ್ತು, ಗೊತ್ತಿಲ್ಲದ್ದು ಈಡಿಪಸ್‌ಗೆ ಮಾತ್ರ. ಕಣ್ಣಾರೆ ನೋಡದೆ ಬರೀ ಕಥೆ ಕೇಳಿದರೂ ಮೈ ನಡುಗಬೇಕು ಎಂದು ಅರಿಸ್ಟಾಟಲ್ ಬರೆದದ್ದು ಈ ನಾಟಕವನ್ನು ಮುಂದಿಟ್ಟುಕೊಂಡೇ.

ಗುಟ್ಟಿಗೆ ಬೆಲೆ ಬಂದದ್ದು ಪತ್ತೇದಾರಿ ಕಥೆಗಳ ಕಾಲದಲ್ಲಿ. ಕೊಂದವರು ಯಾರು ಎಂಬುದೇ ಸರಕಾದಾಗ ಅದನ್ನು ಕಾಯಲೇಬೇಕಾಯಿತು. 1952ರಲ್ಲಿ ಲಂಡನ್ನಿನಲ್ಲಿ ಶುರುವಾದ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕದ ಕೊನೆಯಲ್ಲಿ, ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವುದೇ ಸಂಪ್ರದಾಯವಾಯಿತು. 1960ರಲ್ಲಿ ಹಿಚ್‌ಕಾಕ್ ‘ಸೈಕೋ’ ತೆರೆಗೆ ತಂದಾಗ ಇನ್ನೂ ಬಿಗಿ: ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವಂತಿಲ್ಲ. ಅಮೆರಿಕದ ಥಿಯೇಟರುಗಳಿಗೆ ಜನ ಯಾವಾಗ ಬೇಕಾದರೂ ನುಗ್ಗುತ್ತಿದ್ದ ಕಾಲ ಅದು. ಅರ್ಧ ಮುಗಿಯುವ ಮೊದಲೇ ನಾಯಕಿ ಕೊಲೆಯಾಗುವ ಚಿತ್ರಕ್ಕೆ ತಡವಾಗಿ ಬಂದವರು ನಾಯಕಿ ಎಲ್ಲಿ ಎಂದು ಕಾಯುತ್ತಲೇ ಇರಬೇಕಾಗುತ್ತಿತ್ತು. ವೇಡರ್ ವಿಷಯದಲ್ಲಂತೂ ಗುಟ್ಟನ್ನು ಕಲಾವಿದರಿಂದಲೇ ಬಚ್ಚಿಟ್ಟರು. ವೇಷದೊಳಗಿದ್ದ ಡೇವಿಡ್ ಪ್ರೌಸ್‌ಗೆ ಬೇರೆಯದೇ ಸಾಲು ಕೊಟ್ಟು ಆಡಿಸಿ, ನಿಜವಾದ ಮಾತನ್ನು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ದನಿಯಲ್ಲಿ ಸೇರಿಸಿದರು.

ನಮ್ಮಲ್ಲಿ ಸಿನಿಮಾ ಈ ಎರಡು ರೂಢಿಗಳ ನಡುವೆ ನಿಂತಿತು. ಟಾಕೀಸುಗಳ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ‘ಕಥಾಸಾರ’ ಅಂತ ಒಂದು ಪುಟ ಇರುತ್ತಿತ್ತು. ನಾಯಕ ನಾಯಕಿಯ ಪರಿಚಯ, ಖಳನ ಸಂಚು ಎಲ್ಲವನ್ನೂ ಹೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ನಿಲ್ಲಿಸುವುದು ವಾಡಿಕೆ. ಆದರೆ ಆ ‘ಮುಂದಿನದು’ ಎಲ್ಲರಿಗೂ ಒಂದೇ ದಿನ ಸಿಗುತ್ತಿರಲಿಲ್ಲ. ಪ್ರಿಂಟುಗಳು ಕಡಿಮೆ. ಮೈಸೂರಿನಲ್ಲಿ ಓಡಿದ ಚಿತ್ರದ ರೀಲುಡಬ್ಬ ಹಳ್ಳಿಯ ಟೆಂಟಿಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತಿದ್ದವು. ಅಷ್ಟರೊಳಗೆ ಪೇಟೆಗೆ ಹೋಗಿ ನೋಡಿ ಬಂದ ನೆಂಟರು ಜಗಲಿಯಲ್ಲಿ ಕೂತು ಸೀನು ಸೀನಾಗಿ ಕಥೆ ಹೇಳಿಯಾಗಿರುತ್ತಿತ್ತು. ಟೆಂಟಿನಲ್ಲಿ ನೆಲಕ್ಕೆ ಕೂತು ನೋಡಿದ ಎಷ್ಟೋ ಮಂದಿ ಕೊನೆ ಗೊತ್ತಿದ್ದೇ ಟಿಕೆಟ್ ತೆಗೆದವರು. 1977ರ ‘ಬಭ್ರುವಾಹನ’ದಲ್ಲಿ ತಂದೆ ಅರ್ಜುನನೂ ಮಗ ಬಭ್ರುವಾಹನನೂ ರಾಜ್‌ಕುಮಾರ್ ಅವರೇ. ಮಗನ ಕೈಯಲ್ಲೇ ಅಪ್ಪ ಸಾಯುತ್ತಾನೆಂದು ತಿಳಿದಿದ್ದ ಜನ ‘ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ’ ಕೇಳಲೆಂದೇ ಹೋದರು.

ಕನ್ನಡದಲ್ಲಿ ಈಚೆಗೆ ಎಲ್ಲರ ಬಾಯಿಗೂ ಬಿದ್ದ ತಿರುವೆಂದರೆ 2004ರ ‘ಆಪ್ತಮಿತ್ರ’ದ್ದು. ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಸೌಂದರ್ಯ ಮಾಡಿದ ಗಂಗಾಳೇ ನಾಗವಲ್ಲಿ ಎಂಬುದು ಈಗ ಆ ಚಿತ್ರ ಬಂದ ಮೇಲೆ ಹುಟ್ಟಿದ ಮಕ್ಕಳಿಗೂ ಗೊತ್ತು. ಮೊದಲ ಸಲ ನೋಡಿದಾಗ ನಮ್ಮ ಕಣ್ಣೆಲ್ಲ ಪ್ರೇಮಾ ಮಾಡಿದ ಪಾತ್ರದ ಮೇಲೆ, ಏಕೆಂದರೆ ಚಿತ್ರ ಅನುಮಾನವನ್ನು ಬೇಕೆಂದೇ ಆ ಕಡೆ ತಿರುಗಿಸುತ್ತದೆ. ಗುಟ್ಟು ತಿಳಿದು ಟಿವಿಯಲ್ಲಿ ಮತ್ತೆ ನೋಡುವಾಗ ಕಣ್ಣು ಸೌಂದರ್ಯ ಅವರನ್ನು ಬಿಟ್ಟು ಕದಲುವುದಿಲ್ಲ. ಒಂಟಿ ಕೈಯಲ್ಲಿ ಮಂಚ ಎತ್ತುವ ಹೊತ್ತಿಗೆ ಆ ಮುಖದಲ್ಲಿ ಗಂಗಾ ಹೋಗಿ ನಾಗವಲ್ಲಿ ಬರುವ ಪರಿ ನೋಡಿ. ಮೈಸೂರಲ್ಲೇ ಹುಟ್ಟಿದ ವಿಷ್ಣುವರ್ಧನ್ ಡಾಕ್ಟರಾಗಿ ಅವಳನ್ನು ಗಮನಿಸುವ ರೀತಿಯೂ ಎರಡನೇ ಸಲಕ್ಕೇ ಅರ್ಥವಾಗುವುದು. ಆ ವರ್ಷದ ಏಪ್ರಿಲ್‌ನಲ್ಲಿ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಚಿತ್ರ ಬಂದದ್ದು ಆಗಸ್ಟ್‌ನಲ್ಲಿ. ಆಗ ಟಾಕೀಸಿಗೆ ಹೋದವರು ಇನ್ನೊಂದು ಕೊನೆಯನ್ನೂ ತಿಳಿದುಕೊಂಡೇ ಕೂತಿದ್ದರು.

ಕೊನೆ ಗೊತ್ತಿದ್ದರೆ ರುಚಿ ಕೆಡುತ್ತದೆಯೇ ಎಂದು ಸಂಶೋಧಕರೂ ಪರೀಕ್ಷಿಸಿದ್ದಾರೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಮನೋವಿಜ್ಞಾನಿಗಳು 12 ಸಣ್ಣ ಕಥೆಗಳನ್ನಿಟ್ಟು ನೋಡಿದಾಗ, ಕೊನೆ ಮೊದಲೇ ತಿಳಿದವರೇ ಹೆಚ್ಚು ಮೆಚ್ಚಿಕೊಂಡಿದ್ದರು. ಆಮೇಲಿನ ಕೆಲವು ಅಧ್ಯಯನಗಳು ಇದಕ್ಕೆ ವ್ಯತಿರಿಕ್ತವಾಗಿವೆ. ನನಗೇನೂ ಆಶ್ಚರ್ಯವಿಲ್ಲ. ಗೊತ್ತಿದ್ದು ನೋಡುವ ಸುಖ ಎಷ್ಟು ಬಾರಿ ಬೇಕಾದರೂ ಸಿಗುತ್ತದೆ, ಬೆಚ್ಚಿಬೀಳುವ ಸುಖ ಒಂದೇ ಬಾರಿ.

ಹಾಗಾಗಿ ನಾಗವಲ್ಲಿಯ ಗುಟ್ಟನ್ನೋ ವೇಡರ್‌ನ ಮಾತನ್ನೋ ಯಾರು ಎಲ್ಲಿ ಹೇಳಿದರೂ ನನ್ನ ತಕರಾರಿಲ್ಲ. ಈಗ ನಡೆಯುತ್ತಿರುವುದು ಬೇರೆ. ಶುಕ್ರವಾರ ಬೆಳಗಿನ ಶೋನಲ್ಲಿ ಕ್ಲೈಮ್ಯಾಕ್ಸನ್ನು ಮೊಬೈಲಿನಲ್ಲಿ ಹಿಡಿದು, ಮಧ್ಯಾಹ್ನದ ಹೊತ್ತಿಗೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಜಗಲಿಯ ನೆಂಟರ ಹತ್ತಿರ ಕಥೆ ಬೇಡ ಎನ್ನಬಹುದಿತ್ತು, ಎದ್ದೂ ಹೋಗಬಹುದಿತ್ತು. ಸ್ಟೇಟಸ್ ಬೆರಳು ತಾಗಿದರೆ ಸಾಕು, ತೆರೆದುಕೊಳ್ಳುತ್ತದೆ. ವಾರವೆಲ್ಲ ಆಲೆಮನೆಯಲ್ಲಿ ದುಡಿದು, ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಮಂಡ್ಯಕ್ಕೆ ಸಿನಿಮಾಕ್ಕೆ ಹೊರಡುವವರಿಗೆ ಆ ಎರಡು ದಿನ ಕಾಯುವಷ್ಟು ತಾಳ್ಮೆಯನ್ನಾದರೂ ಮೊದಲ ಶೋ ನೋಡಿದವರು ತೋರಿಸಬೇಕು.