ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ಮತ್ತು ಮೈಬಣ್ಣ

ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಕ್ಲಿಪ್ಪನ್ನು ನೋಡದವರು ಕಡಿಮೆ. ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ಹೇಳುವ ಪಲ್ಸ್ ಆಕ್ಸಿಮೀಟರ್. 97 ಅಂತ ತೋರಿಸಿದರೆ ನೆಮ್ಮದಿ, 90ರ ಕೆಳಗಿಳಿದರೆ ಆಸ್ಪತ್ರೆಗೆ ಓಟ. ಯಾರನ್ನು ಒಳಗೆ ಸೇರಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಅನ್ನುವುದಕ್ಕೂ ಎಷ್ಟೋ ಕಡೆ ಆ ಎರಡಂಕಿಯೇ ಆಧಾರವಾಗಿತ್ತು. ಆದರೆ ಆ ಯಂತ್ರ ಎಲ್ಲರ ಬೆರಳನ್ನೂ ಒಂದೇ ಥರ ಓದುವುದಿಲ್ಲ.

ಅದು ಕೆಲಸ ಮಾಡುವುದು ಹೀಗೆ. ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೆರಳನ್ನು ಹಾದು ಆಚೆ ಬರುತ್ತವೆ. ಆಮ್ಲಜನಕ ಹೊತ್ತ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಆಮ್ಲಜನಕ ಕಳೆದುಕೊಂಡ ರಕ್ತ ಜಾಸ್ತಿ ಹೀರುತ್ತದೆ. ಆಚೆ ಬದಿ ಎಷ್ಟು ಬೆಳಕು ಬಂತು ಅಂತ ನೋಡಿ ಯಂತ್ರ ಲೆಕ್ಕ ಹಾಕುತ್ತದೆ. ಆದರೆ ದಾರಿಯಲ್ಲಿ ಚರ್ಮ ಇದೆ, ಚರ್ಮದಲ್ಲಿ ಮೈಗೆ ಬಣ್ಣ ಕೊಡುವ ಮೆಲನಿನ್ ಇದೆ, ಅದೂ ಬೆಳಕು ಹೀರುತ್ತದೆ. ನಾಡಿಯ ಜೊತೆ ಏರಿಳಿಯುವ ಬೆಳಕನ್ನು ಮಾತ್ರ ಲೆಕ್ಕಕ್ಕೆ ತಗೊಂಡರೆ ಮೆಲನಿನ್ ತೊಂದರೆ ಕೊಡಬಾರದು ಅನ್ನುವುದು ಸಿದ್ಧಾಂತ. ನಿಜವಾದ ಬೆರಳಿನಲ್ಲಿ ಅದು ಅಷ್ಟು ಚೆನ್ನಾಗಿ ನಡೆಯುವುದಿಲ್ಲ.

ಯಂತ್ರಕ್ಕೆ ಈ ಲೆಕ್ಕ ಕಲಿಸಲು ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಮ್ಮಿ ಇರುವ ಗಾಳಿ ಉಸಿರಾಡಿಸಿ, ಅಪಧಮನಿಯಿಂದ ರಕ್ತ ತೆಗೆದು ಅಳೆದು, ಆ ಅಳತೆಗೆ ಕ್ಲಿಪ್ಪಿನ ಲೆಕ್ಕವನ್ನು ಹೊಂದಿಸುತ್ತಾರೆ. ಹಾಗಾದರೆ ಆ ಸ್ವಯಂಸೇವಕರು ಯಾರು ಅನ್ನುವುದು ಮುಖ್ಯ, ಅಲ್ವಾ? ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2013ರ ಮಾರ್ಗಸೂಚಿಯಲ್ಲಿ ಕೇಳಿದ್ದು ಕನಿಷ್ಠ 10 ಜನರನ್ನು, ಅವರಲ್ಲಿ ಕಪ್ಪು ಚರ್ಮದವರು ಇಬ್ಬರು ಅಥವಾ ಒಟ್ಟು ಜನರ ಶೇ. 15, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು. ಇಬ್ಬರು!

2020ರ ಡಿಸೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ಸಣ್ಣ ವರದಿ ಪ್ರಕಟಿಸಿದರು. ಕ್ಲಿಪ್ಪು 92ರಿಂದ 96 ಅಂತ ತೋರಿಸಿದ್ದಾಗ, ಅಂದರೆ ನೋಡಲು ಎಲ್ಲ ಸರಿ ಇದ್ದಾಗ, ರಕ್ತ ಪರೀಕ್ಷೆ ಏನು ಹೇಳಿತು ಅಂತ ಅವರು ಹೋಲಿಸಿದ್ದರು. ಬಿಳಿಯ ರೋಗಿಗಳ ಅಳತೆಗಳಲ್ಲಿ ಶೇ. 3.6ರಲ್ಲಿ ನಿಜವಾದ ಆಮ್ಲಜನಕ 88ಕ್ಕಿಂತ ಕೆಳಗಿತ್ತು. ಕಪ್ಪು ರೋಗಿಗಳಲ್ಲಿ ಅದು ಶೇ. 11.7. ಉಸಿರಿಗೆ ತತ್ವಾರ ಬಂದಿದ್ದರೂ ಯಂತ್ರ ಏನೂ ಆಗಿಲ್ಲ ಅನ್ನುತ್ತಿತ್ತು. ನನಗೆ ಸಿಟ್ಟು ಬಂದಿದ್ದು ಮಾತ್ರ ಈ ಅಂಕಿಗಳಿಗಲ್ಲ. ಇಂಥದ್ದೇ ದೋಷವನ್ನು 1990ರಲ್ಲೇ ಇಬ್ಬರು ವೈದ್ಯರು ಕಂಡು ಬರೆದಿದ್ದರು. ಮೂವತ್ತು ವರ್ಷ ಅದು ವೈದ್ಯಕೀಯ ಪತ್ರಿಕೆಯ ಪುಟದಲ್ಲೇ ಸುಮ್ನೆ ಕೂತಿತ್ತು.

ಇಲ್ಲಿ ಒಬ್ಬರಾದರೂ ಕೈ ಎತ್ತುತ್ತಾರೆ. ನೋಡಿ, ಯಂತ್ರಕ್ಕೇ ವ್ಯತ್ಯಾಸ ಗೊತ್ತಾಗುತ್ತದೆ ಅಂದಮೇಲೆ ಜನಾಂಗ ಅನ್ನುವುದು ದೇಹದಲ್ಲೇ ಇದೆ ಅಂತಾಯಿತಲ್ಲ?

ಆಗಲಿಲ್ಲ. ಕ್ಲಿಪ್ಪಿಗೆ ಗೊತ್ತಾಗುವುದು ಮೆಲನಿನ್. ದಟ್ಟ ಕಪ್ಪು ಚರ್ಮ ಆಫ್ರಿಕದಲ್ಲೂ ಇದೆ, ದಕ್ಷಿಣ ಭಾರತದಲ್ಲೂ ಇದೆ, ಮೆಲನೇಷ್ಯದ ದ್ವೀಪಗಳಲ್ಲೂ ಇದೆ, ಆಸ್ಟ್ರೇಲಿಯದ ಮೂಲನಿವಾಸಿಗಳಲ್ಲೂ ಇದೆ. ಇವರನ್ನೆಲ್ಲ ಯಾವ ಪಟ್ಟಿಯೂ ಒಂದು ಜನಾಂಗ ಅಂತ ಕರೆಯುವುದಿಲ್ಲ. ಮೈಬಣ್ಣ ಬಹುಮಟ್ಟಿಗೆ ಹಿಂಬಾಲಿಸುವುದು ಬಿಸಿಲನ್ನು: ನೇರಳಾತೀತ ಕಿರಣ ಜೋರಾಗಿರುವ ಕಡೆ ಮೆಲನಿನ್ ರಕ್ಷಣೆ ಕೊಡುತ್ತದೆ, ಬಿಸಿಲು ಕಮ್ಮಿ ಇರುವ ಕಡೆ ವಿಟಮಿನ್ ಡಿ ತಯಾರಾಗಲು ತಿಳಿ ಚರ್ಮ ಅನುಕೂಲ. ಎಲ್ಲೂ ಗೆರೆ ಎಳೆದ ಹಾಗೆ ಬದಲಾಗುವುದಿಲ್ಲ, ನಿಧಾನವಾಗಿ ಒಂದರೊಳಗೊಂದು ಬೆರೆಯುತ್ತಾ ಹೋಗುತ್ತದೆ.

ಒಳಗೂ ಕಥೆ ಹೀಗೇ. 1972ರಲ್ಲಿ ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ರಕ್ತದ ಗುಂಪು, ರಕ್ತದ ಪ್ರೋಟೀನು ಮುಂತಾದ 17 ಗುರುತುಗಳನ್ನು ಹಿಡಿದು ಲೆಕ್ಕ ಹಾಕಿದರು. ಮನುಷ್ಯರ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇ. 85 ಒಂದೇ ಸಮುದಾಯದ ಒಳಗೇ ಸಿಗುತ್ತದೆ. ಜನಾಂಗ ಅಂತ ನಾವು ಕರೆಯುವ ಗುಂಪುಗಳ ನಡುವಿನದು ಶೇ. 6ರಷ್ಟು. ಇಡೀ ಜೀನೋಮ್ ಓದಿದರೆ ಒಬ್ಬರ ಪೂರ್ವಜರು ಎಲ್ಲಿಯವರು ಅಂತ ಸುಮಾರಾಗಿ ಹೇಳಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಫಾರ್ಮಿನಲ್ಲಿ ಟಿಕ್ ಹಾಕುವ ನಾಲ್ಕೈದು ಖಾನೆಗಳಿಗೂ ಅದಕ್ಕೂ ದೂರ. ಜೀನುಗಳ ವೈವಿಧ್ಯ ಅತಿ ಹೆಚ್ಚಿರುವುದು ಆಫ್ರಿಕದಲ್ಲಿ, ಅಷ್ಟನ್ನೂ ‘ಕಪ್ಪು’ ಅನ್ನುವ ಒಂದೇ ಖಾನೆಗೆ ತುರುಕಿದ್ದೇವೆ. ಈ ಖಾನೆಗಳಾದರೂ ಬಂದದ್ದೆಲ್ಲಿಂದ? ಬಿಳಿಯರಿಗೆ ಬಳಸುವ ‘ಕಕೇಷಿಯನ್’ ಅನ್ನುವ ಪದವನ್ನೇ ತಗೊಳ್ಳಿ. ಅದು ಚಲಾವಣೆಗೆ ಬಂದದ್ದು 1795ರಲ್ಲಿ ಬ್ಲೂಮೆನ್‌ಬಾಕ್ ಅನ್ನುವ ಜರ್ಮನ್ ವಿದ್ವಾಂಸರಿಂದ, ಅವರ ಸಂಗ್ರಹದಲ್ಲಿದ್ದ, ಕಾಕಸಸ್ ಪರ್ವತಗಳ ಸೀಮೆಯ ಜಾರ್ಜಿಯ ದೇಶದ ಹೆಂಗಸೊಬ್ಬಳ ತಲೆಬುರುಡೆ ಅವರ ಕಣ್ಣಿಗೆ ತುಂಬ ಸುಂದರವಾಗಿ ಕಂಡಿತ್ತು. ಆ ಪದ ಇವತ್ತಿಗೂ ವೈದ್ಯಕೀಯ ಕಾಗದಗಳಲ್ಲಿ ಓಡಾಡುತ್ತಿದೆ.

ಕ್ಲಿಪ್ಪಿನ ತಪ್ಪು ಅಂದರೆ ಇರುವ ವ್ಯತ್ಯಾಸವನ್ನು ಗಮನಿಸದೆ ಬಿಟ್ಟಿದ್ದು. ವೈದ್ಯಶಾಸ್ತ್ರದಲ್ಲಿ ಇದರ ತದ್ವಿರುದ್ಧದ ತಪ್ಪೂ ಇದೆ, ಅದು ಇನ್ನೂ ಹಳೆಯದು. ಊದಿ ಶ್ವಾಸಕೋಶದ ಬಲ ಅಳೆಯುವ ಸ್ಪೈರೋಮೀಟರ್ 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಂತು. ಸ್ವಲ್ಪ ಸಮಯದಲ್ಲೇ ಅದು ಅಮೆರಿಕದ ದಕ್ಷಿಣದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನುವ ವೈದ್ಯನ ಕೈಗೆ ಸಿಕ್ಕಿತು. ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವನು. ಕಪ್ಪು ಜನರ ಶ್ವಾಸಕೋಶ ಹುಟ್ಟಿನಿಂದಲೇ ದುರ್ಬಲ, ಬಲವಂತದ ದುಡಿಮೆ ಅವರ ರಕ್ತಕ್ಕೆ ಒಳ್ಳೆಯದು ಅಂತ ವಾದಿಸಿದ. ಗುಲಾಮರು ತಪ್ಪಿಸಿಕೊಂಡು ಓಡಿಹೋಗುವುದನ್ನು ಕಾಯಿಲೆ ಅಂತ ಕರೆದು ಅದಕ್ಕೊಂದು ಹೆಸರನ್ನೂ 1851ರಲ್ಲಿ ಇಟ್ಟ ಮಹಾಶಯ ಇವನೇ.

ಗುಲಾಮಗಿರಿ ಹೋಯಿತು, ಆದರೆ ಆ ಊಹೆ ಯಂತ್ರದೊಳಗೆ ಉಳಿಯಿತು. ಅಮೆರಿಕದಲ್ಲಿ ಸ್ಪೈರೋಮೀಟರಿಗೆ ರೋಗಿಯ ಜನಾಂಗ ತಿಳಿಸುತ್ತಿದ್ದರು, ಕಪ್ಪು ಅಂದರೆ ‘ಸಹಜ’ ಅನ್ನುವ ಮಟ್ಟವನ್ನೇ ಅದು ಶೇ. 10ರಿಂದ 15ರಷ್ಟು ಇಳಿಸಿಕೊಳ್ಳುತ್ತಿತ್ತು. ಗುಂಪುಗಳ ಸರಾಸರಿಯಲ್ಲಿ ವ್ಯತ್ಯಾಸ ಕಾಣುವುದು ನಿಜ. ಆದರೆ ಹೊಗೆ, ಧೂಳು, ಬಾಲ್ಯದ ಅಪೌಷ್ಟಿಕತೆ, ಎಂಥ ಕೆಲಸ, ಎಂಥ ಮನೆ ಅನ್ನುವುದೆಲ್ಲ ಶ್ವಾಸಕೋಶವನ್ನು ಕುಗ್ಗಿಸುತ್ತದೆ. ಕುಗ್ಗಿದ್ದನ್ನೇ ಸಹಜ ಅಂತ ಬರೆದುಕೊಂಡರೆ ಕಾಯಿಲೆ ಇದ್ದವನೂ ಆರೋಗ್ಯವಂತ ಅನ್ನಿಸಿಕೊಳ್ಳುತ್ತಾನೆ. 1999ರಲ್ಲಿ ಬಾಲ್ಟಿಮೋರ್‌ನಲ್ಲಿ ಆಸ್ಬೆಸ್ಟಾಸ್‌ನಿಂದ ಶ್ವಾಸಕೋಶ ಹಾಳಾದವರು ಪರಿಹಾರ ಕೇಳಿದ್ದಾಗ, ಕಂಪನಿಯೊಂದು ಕಪ್ಪು ಕೆಲಸಗಾರರಿಗೆ ಇದೇ ಲೆಕ್ಕ ಹಾಕಬೇಕು, ಅಂದರೆ ಅವರಿಗೆ ಇನ್ನೂ ಹೆಚ್ಚು ಹಾಳಾಗಿದ್ದರೆ ಮಾತ್ರ ಪರಿಗಣಿಸಬೇಕು ಅಂತ ಕೇಳಿತ್ತು. ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕದ ಥೊರಾಸಿಕ್ ಸೊಸೈಟಿ ಈ ಪದ್ಧತಿ ಬಿಡಿ ಅಂತ ಹೇಳಿದ್ದು 2023ರಲ್ಲಿ.

ಕಿಡ್ನಿಯ ವಿಷಯ ಇನ್ನೂ ಲೆಕ್ಕಾಚಾರದ್ದು. ಸ್ನಾಯುಗಳಿಂದ ರಕ್ತಕ್ಕೆ ಸೇರುವ ಕ್ರಿಯೇಟಿನಿನ್ ಅನ್ನುವ ತ್ಯಾಜ್ಯ ಎಷ್ಟಿದೆ ಅಂತ ನೋಡಿ ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಸೂತ್ರವೊಂದು ಅಂದಾಜು ಮಾಡುತ್ತದೆ. ಕಪ್ಪು ಜನರಲ್ಲಿ ಸ್ನಾಯು ಜಾಸ್ತಿ, ಹಾಗಾಗಿ ಕ್ರಿಯೇಟಿನಿನ್ ಜಾಸ್ತಿ ಅಂತ ನಂಬಿ, 2009ರ ಸೂತ್ರ ಅವರ ಉತ್ತರವನ್ನು 1.159ರಿಂದ ಗುಣಿಸುತ್ತಿತ್ತು. ಅಮೆರಿಕದಲ್ಲಿ ಕಸಿಗಾಗಿ ಕಾಯುವವರ ಸರದಿಯ ದಿನ ಎಣಿಕೆ ಶುರುವಾಗಬೇಕಾದರೆ ಈ ಅಂಕಿ 20 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಇಲ್ಲವೇ ಡಯಾಲಿಸಿಸ್ ಶುರುವಾಗಿರಬೇಕು. ಈಗ 18 ಬಂದ ಇಬ್ಬರನ್ನು ನೆನೆಸಿಕೊಳ್ಳಿ. ಬಿಳಿಯನ ಹೆಸರು ಪಟ್ಟಿ ಸೇರಿತು. ಕಪ್ಪು ಮನುಷ್ಯನ 18ನ್ನು ಗುಣಿಸಿ, 20.9 ಆಯಿತು, ನಿಮ್ಮ ಕಿಡ್ನಿ ಇನ್ನೂ ಅಷ್ಟು ಕೆಟ್ಟಿಲ್ಲ ಅಂತ ಮನೆಗೆ ಕಳಿಸಿದರು. ಅಪ್ಪ ಕಪ್ಪು, ಅಮ್ಮ ಬಿಳಿ ಆದವನನ್ನು ಎಷ್ಟರಿಂದ ಗುಣಿಸಬೇಕು ಅಂತ ಸೂತ್ರ ಹೇಳಿರಲಿಲ್ಲ.

2021ರಲ್ಲಿ ಆ ಗುಣಕವನ್ನು ತೆಗೆದುಹಾಕಲು ತಜ್ಞರು ಹೇಳಿದರು. ಸೂತ್ರ ಬದಲಾಯಿಸಿ ಕೈ ತೊಳೆದುಕೊಳ್ಳದೆ, ಕಳೆದುಹೋದ ದಿನಗಳನ್ನೂ ವಾಪಸ್ ಕೊಡಬೇಕು ಅಂತ 2023ರ ಜನವರಿಯಿಂದ ನಿಯಮ ಬಂತು. ಕಸಿ ಮಾಡುವ ಆಸ್ಪತ್ರೆಗಳು ಹಳೆಯ ಕಡತ ತೆಗೆದು, ಗುಣಕ ಇಲ್ಲದಿದ್ದರೆ ಈ ರೋಗಿ ಯಾವತ್ತು ಸರದಿಗೆ ಬರುತ್ತಿದ್ದ ಅಂತ ಒಬ್ಬೊಬ್ಬರದ್ದಾಗಿ ನೋಡಬೇಕಾಯಿತು. 2024ರ ಮಾರ್ಚ್ ಹೊತ್ತಿಗೆ 14 ಸಾವಿರಕ್ಕೂ ಹೆಚ್ಚು ಜನರ ಸರದಿ ಮುಂದಕ್ಕೆ ಬಂದಿತ್ತು, ಸರಾಸರಿ ಎರಡು ವರ್ಷ. ಪಟ್ಟಿಯಲ್ಲಿ ಇನ್ನೂ ಬದುಕಿದ್ದವರ ಲೆಕ್ಕ ಅದು.