ಹಾಲ್‌ನಲ್ಲಿ ಚಿತ್ರವಿದೆ, ಅಪ್ಪನ ಕೋಣೆಯಲ್ಲಿ ಏಕಿಲ್ಲ?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಹಾಲ್‌ನಲ್ಲಿ ಒಂದೇ ಸೆಟ್‌ಟಾಪ್ ಬಾಕ್ಸ್ ಇದೆ, 4ಕೆ ತೋರಿಸಬಲ್ಲದ್ದು. ಅದಕ್ಕೆ ಸ್ಪ್ಲಿಟರ್ ಹಾಕಿ ಹಾಲ್‌ನ ಟಿವಿಗೂ ಹಿಂದಿನ ಕೋಣೆಯಲ್ಲಿರುವ ಅಪ್ಪನ ಟಿವಿಗೂ ಎಚ್‌ಡಿಎಂಐ ಕೇಬಲ್ ಎಳೆಸಿದ್ದೇವೆ. ಮೂರು ವರ್ಷ ಏನೂ ತೊಂದರೆ ಇರಲಿಲ್ಲ. ದೀಪಾವಳಿಗೆ ಹಾಲ್‌ಗೆ ಹೊಸ 4ಕೆ ಟಿವಿ ತಂದೆವು. ಅಂದಿನಿಂದ ಅಪ್ಪನ ಟಿವಿಯಲ್ಲಿ ಚಿತ್ರವೇ ಬರುತ್ತಿಲ್ಲ. ಬೋರ್ಡ್ ಹೋಗಿದೆ, ಬದಲಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್. ಬದಲಿಸಬೇಕೇ?

ಉತ್ತರ: ಈಗಲೇ ಬೇಡ. ತೊಂದರೆ ಯಾವ ದಿನ ಶುರುವಾಯಿತು ಎಂದು ನೀವೇ ಬರೆದಿದ್ದೀರಿ. ಹೊಸ ಟಿವಿ ಬಂದದ್ದು ಹಾಲ್‌ಗೆ, ಚಿತ್ರ ಹೋದದ್ದು ಹಿಂದಿನ ಕೋಣೆಯಲ್ಲಿ. ಅದೇ ದಿನ ಅಪ್ಪನ ಟಿವಿಯ ಬೋರ್ಡ್ ತಾನಾಗಿ ಸುಟ್ಟಿತು ಎಂದು ನಂಬುವುದು ನನಗೆ ಕಷ್ಟ.

ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಬಾಕ್ಸ್‌ನಿಂದ ಟಿವಿಗೆ ಸುಮ್ಮನೆ ಹರಿದು ಬರುವುದಿಲ್ಲ. ಮೊದಲು ಟಿವಿ ತನ್ನ ಶಕ್ತಿಯನ್ನು ಬಾಕ್ಸ್‌ಗೆ ತಿಳಿಸುತ್ತದೆ: ಇಷ್ಟು ದೊಡ್ಡ ಚಿತ್ರ, ಇಷ್ಟು ವೇಗ, ಇಂಥ ಧ್ವನಿ ನನ್ನಿಂದ ಸಾಧ್ಯ ಎಂದು. ಈ ವಿವರಪಟ್ಟಿಗೆ ಇಡಿಐಡಿ ಎಂದು ಹೆಸರು. ಅದನ್ನು ಓದಿದ ಮೇಲೆಯೇ ಬಾಕ್ಸ್ ತಕ್ಕ ಚಿತ್ರವನ್ನು ಕಳುಹಿಸುತ್ತದೆ. ನಡುವೆ ಸ್ಪ್ಲಿಟರ್ ಬಂದರೆ ಎರಡು ಟಿವಿಗಳ ಎರಡು ಪಟ್ಟಿಗಳಾಗುತ್ತವೆ. ಕಡಿಮೆ ಬೆಲೆಯ ಎಷ್ಟೋ ಸ್ಪ್ಲಿಟರ್‌ಗಳು ಮೊದಲ ಕಿಂಡಿಗೆ ಜೋಡಿಸಿದ ಟಿವಿಯ ಪಟ್ಟಿಯನ್ನಷ್ಟೇ ಬಾಕ್ಸ್‌ಗೆ ಮುಟ್ಟಿಸುತ್ತವೆ. ಆ ಕಿಂಡಿಯಲ್ಲಿ ಈಗ ನಿಮ್ಮ ಹೊಸ 4ಕೆ ಟಿವಿ ಇದ್ದರೆ ಬಾಕ್ಸ್ 3840×2160 ಗಾತ್ರದ ಚಿತ್ರವನ್ನೇ ಎರಡೂ ಕಡೆ ಕಳುಹಿಸುತ್ತದೆ. ಅಪ್ಪನ ಹಳೆಯ ಟಿವಿ ಬಹುಶಃ 1920×1080ಕ್ಕೆ ಮಾಡಿದ್ದು, ಅಷ್ಟು ದೊಡ್ಡ ಚಿತ್ರವನ್ನು ಅದು ತೋರಿಸಲಾರದು.

ಆದ್ದರಿಂದ ಬಾಕ್ಸ್‌ನ ಸೆಟ್ಟಿಂಗ್‌ಗೆ ಹೋಗಿ, ಡಿಸ್‌ಪ್ಲೇ ವಿಭಾಗದಲ್ಲಿ ರೆಸಲ್ಯೂಷನ್ 'ಆಟೋ' ಇದ್ದರೆ 1080ಪಿ (ಅಂದರೆ 1920×1080) ಮಾಡಿ. ಹಾಲ್‌ನ ಟಿವಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ನಮ್ಮ ಕನ್ನಡ ವಾಹಿನಿಗಳು ಬರುವುದೇ ಎಸ್‌ಡಿ ಅಥವಾ ಎಚ್‌ಡಿಯಲ್ಲಿ. ನಿಮ್ಮ ತೊಂದರೆ ಇಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಅಂದಾಜು.

ಮೆನು ಕಾಣುತ್ತದೆ, ಆದರೆ ಸಿನಿಮಾ ಹಚ್ಚಿದೊಡನೆ ಪರದೆ ಕಪ್ಪಾಗುತ್ತದೆ ಎಂದಾದರೆ ಕಾರಣ ಬೇರೆ. ಅದು ನಕಲು ತಡೆಯುವ ಬೀಗ, ಎಚ್‌ಡಿಸಿಪಿ. 4ಕೆ ಸಿನಿಮಾಗಳು ಸಾಮಾನ್ಯವಾಗಿ ಅದರ 2.2 ಆವೃತ್ತಿಯನ್ನು ಕೇಳುತ್ತವೆ. ಹಳೆಯ ಟಿವಿಗೆ ಗೊತ್ತಿರುವುದು 1.4 ಮಾತ್ರ. 1080ಪಿಗೆ ಇಳಿಸಿದರೂ ಅಂಥ ಸಿನಿಮಾ ಬಾರದಿದ್ದರೆ ಅಪ್ಪನ ಟಿವಿಗೆ ಇಂಟರ್ನೆಟ್‌ನಿಂದ ಸಿನಿಮಾ ತೋರಿಸುವ ಪ್ರತ್ಯೇಕ ಸ್ಟಿಕ್ ಹಾಕುವುದೇ ನೇರ ದಾರಿ.

ಕರೆಂಟ್ ಹೋಗಿ ಬಂದಾಗಲೆಲ್ಲ ಚಿತ್ರ ಮಾಯವಾಗುತ್ತದೆಯೇ? ಹಾಗಿದ್ದರೆ ಎಲ್ಲವನ್ನೂ ಆರಿಸಿ, ಮೊದಲು ಎರಡೂ ಟಿವಿ, ಆಮೇಲೆ ಸ್ಪ್ಲಿಟರ್, ಕೊನೆಗೆ ಬಾಕ್ಸ್ ಎಂಬ ಕ್ರಮದಲ್ಲಿ ಹಚ್ಚಿ. ವಿಜಯಪುರದಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಇದೂ ಫಲಿಸಲಿಲ್ಲ. ಎರಡು ತಾಸು ಕೇಬಲ್‌ನಲ್ಲಿ ದೋಷ ಹುಡುಕಿದ ಮೇಲೆ ತಿಳಿದದ್ದು, ಟಿವಿಯ ಹಿಂದೆ ಬಿಸಿಲುಗಾಲದ ಸೆಕೆಯಲ್ಲಿ ಬೇಯುತ್ತಿದ್ದ ಸ್ಪ್ಲಿಟರ್‌ನ 5 ವೋಲ್ಟ್ ಅಡಾಪ್ಟರ್ ಸೋತುಹೋಗಿತ್ತು ಎಂದು.

ಕೇಬಲ್‌ನ ಮಾತೂ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರು ಬಿಟ್ಟು ಬಂದವರು ನವನಗರದಲ್ಲಿ ಕಟ್ಟಿದ ಎಷ್ಟೋ ಮನೆಗಳ ಗೋಡೆಯೊಳಗಿನ ಪೈಪ್ ಕೇಬಲ್ ಟಿವಿಯ ತೆಳು ತಂತಿಗೆಂದು ಹಾಕಿದ್ದು. ಅದರ ಕಡಿದಾದ ತಿರುವುಗಳಲ್ಲಿ ಎಚ್‌ಡಿಎಂಐ ಕೇಬಲ್ ಎಳೆದರೆ ಒಳಗಿನ ಎಳೆಗಳು ನೋಯುತ್ತವೆ. ಸಾಮಾನ್ಯ ತಾಮ್ರದ ಕೇಬಲ್ 10 ಮೀಟರ್ ದಾಟಿದರೆ 1080ಪಿಗೂ ಭರವಸೆ ಇಡಲಾಗದು, 4ಕೆಗೆ ಇನ್ನೂ ಕಡಿಮೆ. ಅಷ್ಟು ದೂರಕ್ಕೆ ಇಂಟರ್ನೆಟ್‌ಗೆ ಬಳಸುವ ಕ್ಯಾಟ್‌6 ತಂತಿ ಮತ್ತು ಅದರ ಎರಡೂ ತುದಿಗೆ ಕೂಡಿಸಿ ಎಚ್‌ಡಿಎಂಐ ಸಂಕೇತವನ್ನು ದೂರ ಸಾಗಿಸುವ ಎಕ್ಸ್‌ಟೆಂಡರ್ ಜೋಡಿ ಮೇಲು. ಆದರೆ ತಂತಿ ಅಪ್ಪಟ ತಾಮ್ರದ್ದೇ ಎಂದು ಕೇಳಿ ತನ್ನಿ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ಅದರಲ್ಲಿ ಸಂಕೇತ ಬೇಗ ಕ್ಷೀಣಿಸುತ್ತದೆ.

ಇದನ್ನೆಲ್ಲ ಮಾಡುವಾಗ ಒಂದು ವಿಷಯದಲ್ಲಿ ದಯವಿಟ್ಟು ಎಚ್ಚರವಾಗಿರಿ. ಟಿವಿ, ಬಾಕ್ಸ್‌ಗಳು ಚಾಲೂ ಇರುವಾಗ ಎಚ್‌ಡಿಎಂಐ ಕೇಬಲ್ ಕೀಳಲೂಬೇಡಿ, ಸಿಕ್ಕಿಸಲೂಬೇಡಿ. ಎರಡು ಪಿನ್‌ಗಳ ಪ್ಲಗ್ ಇರುವ, ಅರ್ಥಿಂಗ್ ಸಿಗದ ಸಾಧನಗಳ ಲೋಹದ ಭಾಗ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಸಣ್ಣ ಸೋರಿಕೆಯಾದರೂ ವೋಲ್ಟೇಜ್ ನೂರರ ಆಸುಪಾಸು ಇರಬಹುದು. ಅಂಥ ಎರಡು ಸಾಧನಗಳನ್ನು ಜೋಡಿಸುವ ಕ್ಷಣದಲ್ಲಿ ಆ ವಿದ್ಯುತ್ತು ಕಿಂಡಿಯ ಸೂಕ್ಷ್ಮ ಎಳೆಗಳ ಮೂಲಕ ಹರಿದು ಚಿಪ್ ಸುಡಬಹುದು. ಟಿವಿಯ ಒಂದು ಕಿಂಡಿ ಸತ್ತು ಇನ್ನೊಂದು ಜೀವಂತವಿರುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಹೀಗಾಗಿ ಎರಡನೆಯ ಕಿಂಡಿಯನ್ನೂ ಪರೀಕ್ಷಿಸಿ, ಆದರೆ ಕೇಬಲ್ ಬದಲಿಸುವುದು ಎಲ್ಲ ಪ್ಲಗ್‌ಗಳನ್ನು ಗೋಡೆಯಿಂದ ಕಿತ್ತ ನಂತರ ಮಾತ್ರ. ಮನೆಯ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅದು ಕೆಲಸವನ್ನು ಸರಿಯಾಗಿ ಮಾಡದು, ಆಗಾಗ ನೀರು ಹಾಕಿಸಿ.

ಇಷ್ಟಾದರೂ ಚಿತ್ರ ಬಾರದಿದ್ದರೆ ಅಪ್ಪನ ಟಿವಿಯನ್ನೇ ಹಾಲ್‌ಗೆ ತಂದು, ಸ್ಪ್ಲಿಟರ್ ಬಿಟ್ಟು, ಚಿಕ್ಕ ಕೇಬಲ್‌ನಲ್ಲಿ ನೇರವಾಗಿ ಬಾಕ್ಸ್‌ಗೆ ಜೋಡಿಸಿ. ಧ್ವನಿ ಬಂದು ಪರದೆ ಮಾತ್ರ ಕತ್ತಲಾಗಿದ್ದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಬೆಳಕಿನಲ್ಲಿ ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಹಿಂಬದಿಯ ಎಲ್‌ಇಡಿ ದೀಪ ಅಥವಾ ಅದಕ್ಕೆ ವಿದ್ಯುತ್ ಕೊಡುವ ಭಾಗ. ಮುಖ್ಯ ಬೋರ್ಡ್ ಅಲ್ಲ. ನೇರ ಜೋಡಣೆಯಲ್ಲಿ ಎರಡೂ ಕಿಂಡಿಗಳು 'ಸಿಗ್ನಲ್ ಇಲ್ಲ' ಎಂದೇ ತೋರಿಸಿದರೆ ಮಾತ್ರ ಮೆಕ್ಯಾನಿಕ್ ಹೇಳಿದ್ದು ಸರಿ. ಆಗ ಬೋರ್ಡ್‌ನ ಬೆಲೆ ಕೇಳಿ.