ಕುದುರೆಕೂದಲಿಗೆ ಸಿಕ್ಕ ಹೊಗೆ

ಬಿದಿರಿಗೆ ಬಿದಿರು ಉಜ್ಜಿ ಕಾಡ್ಗಿಚ್ಚು ಏಳುತ್ತದೆ ಎಂಬ ಮಾತು ಬಾಯಿಂದ ಬಾಯಿಗೆ ದಾಟುತ್ತ ಇನ್ನೂ ಬದುಕಿದೆ. ನಮ್ಮ ಬೇಸಿಗೆಯ ಕಾಡಿನ ಬೆಂಕಿ ಹೆಚ್ಚೂಕಡಿಮೆ ಎಲ್ಲವೂ ಮನುಷ್ಯರ ಕೈಯಿಂದ ಹತ್ತಿದ್ದು. ತಪ್ಪನ್ನು ಬಿದಿರಿನ ಮೇಲೆ ಹೊರಿಸಿದರೆ ಕಾವಲಿನ ಯೋಚನೆಯೇ ಹುಟ್ಟುವುದಿಲ್ಲ. ನನ್ನ ಸಿಟ್ಟು ಅದಕ್ಕೇ. ಕಾವಲಿನ ಹಿಂದೆ ಎಂಥ ಚಂದದ ಜ್ಯಾಮಿತಿ ಇದೆಯೆಂದು ತಿಳಿಯಲು ಅಮೆರಿಕದ ಬೆಂಕಿ ಕಾವಲುಗೋಪುರ ಹತ್ತಬೇಕು.

1910ರ ಆಗಸ್ಟ್ 20 ಮತ್ತು 21. ಎರಡೇ ದಿನದ ಬಿರುಗಾಳಿಯಲ್ಲಿ ಐಡಾಹೊ, ಮೊಂಟಾನಾ ಕಡೆಯ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. 80ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಬೆಂಕಿ ಆರಿಸಲು ಹೋದವರೇ. ಹೊಗೆ ಎಳೆಯಷ್ಟಿರುವಾಗಲೇ ಕಣ್ಣಿಗೆ ಬೀಳಬೇಕು ಎಂಬ ಹಟ ಆಮೇಲೆ ಗಟ್ಟಿಯಾಯಿತು, ಬೆಟ್ಟದ ನೆತ್ತಿಗಳಲ್ಲಿ ಕಾವಲುಗೂಡುಗಳು ಎದ್ದವು. ಗಾಳಿಯಂತ್ರಗಳಿಗೆ ಉಕ್ಕಿನ ಗೋಪುರ ಮಾಡುತ್ತಿದ್ದ ಶಿಕಾಗೊದ ಏರ್‌ಮೋಟರ್ ಕಂಪನಿ ಕಾವಲಿಗೂ ಗೋಪುರ ಮಾಡಿಕೊಟ್ಟಿತು.

ಗೋಪುರ ಎಂದರೆ ಎತ್ತರ, ಅಷ್ಟೇ ಎಂದುಕೊಳ್ಳುವವರು ಬಹಳ. ಭೂಮಿ ದುಂಡಗಿರುವುದರಿಂದ 10 ಮೀಟರ್ ಮೇಲಿನಿಂದ ದಿಗಂತ ಸುಮಾರು 11 ಕಿಲೋಮೀಟರ್ ದೂರ; 22 ಕಿಲೋಮೀಟರ್ ಬೇಕೆಂದರೆ 40 ಮೀಟರ್ ಏರಬೇಕು. ನೋಟ ಇಮ್ಮಡಿಯಾಗಲು ಎತ್ತರ ನಾಲ್ಕು ಪಟ್ಟು! ಹಾಗಾಗಿ ಬೆಟ್ಟವಿದ್ದರೆ ಪುಟ್ಟ ಗೂಡೇ ಸಾಕು. ಬೆಟ್ಟವಿಲ್ಲದ ಪಶ್ಚಿಮ ಆಸ್ಟ್ರೇಲಿಯಾದ ಪೆಂಬರ್ಟನ್‌ನಲ್ಲಿ ಕ್ಯಾರಿ ಎಂಬ ಎತ್ತರದ ಮರವನ್ನೇ ಗೋಪುರ ಮಾಡಿದರು. 1947ರಲ್ಲಿ ಅಲ್ಲಿನ ಗ್ಲಾಸ್ಟರ್ ಮರಕ್ಕೆ ಸುತ್ತಿ ಸುತ್ತಿ ಗೂಟ ಹೊಡೆದು, 50 ಮೀಟರಿಗೂ ಮೇಲೆ ಅಟ್ಟಣೆ ಕಟ್ಟಿದರು.

ಎತ್ತರ ಸಿಕ್ಕಿತು, ಹೊಗೆಯೂ ಕಂಡಿತು. ಆದರೆ ಬೆಂಕಿ ಇರುವುದು ಎಲ್ಲಿ? ಒಂದು ಗೋಪುರಕ್ಕೆ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ಕತ್ತಲಲ್ಲಿ ಎತ್ತಿನ ಗಂಟೆ ಕೇಳಿದರೆ ಯಾವ ಕಡೆ ಎಂದು ಗೊತ್ತಾಗುತ್ತದಲ್ಲ, ಎಷ್ಟು ದೂರ ಎಂದು ಗೊತ್ತಾಗುವುದಿಲ್ಲವಲ್ಲ, ಹಾಗೆ. ಹೊಲದ ಎರಡು ಮೂಲೆಯಲ್ಲಿ ಇಬ್ಬರು ನಿಂತು ಗಂಟೆಯ ಕಡೆ ಬೆರಳು ತೋರಿಸಿದರೆ? ಬಡಗಿ ಹಲಗೆಯ ಮೇಲೆ ಬಣ್ಣದ ನೂಲು ಮಿಡಿದಂತೆ ಎರಡು ಗೆರೆ ಮೂಡುತ್ತವೆ. ಅವು ಕೂಡುವ ಚುಕ್ಕೆಯಲ್ಲಿ ಎತ್ತು ನಿಂತಿದೆ!

ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಆಸ್ಬಾರ್ನ್ 1910ರ ದಶಕದಲ್ಲೇ ರೂಪಿಸಿದ ಬೆಂಕಿಶೋಧಕ ಮಾಡುವುದು ಈ ಬೆರಳಿನ ಕೆಲಸ. ಕೋಣೆಯ ನಡುವೆ ದುಂಡನೆಯ ನಕ್ಷೆ. ನಕ್ಷೆಯ ನಟ್ಟನಡುವೆ ಗೋಪುರ ನಿಂತಿರುವ ಜಾಗ. ನಕ್ಷೆಯ ಸುತ್ತ ತಿರುಗುವ ಬಳೆ. ಬಳೆಯ ಒಂದು ಬದಿಗೆ ಸಣ್ಣ ಕಿಂಡಿ, ಎದುರು ಬದಿಯ ಚೌಕಟ್ಟಿನಲ್ಲಿ ನೆಟ್ಟಗೆ ಬಿಗಿದ ಒಂದು ಕುದುರೆಕೂದಲು. ಕಿಂಡಿಗೆ ಕಣ್ಣಿಟ್ಟು, ಕೂದಲು ಹೊಗೆಯ ಬುಡವನ್ನು ಸೀಳುವವರೆಗೆ ಬಳೆ ತಿರುಗಿಸಬೇಕು. ಬುಡವನ್ನೇ, ತಲೆಯನ್ನಲ್ಲ, ತಲೆ ಗಾಳಿಗೆ ವಾಲಿರುತ್ತದೆ. ಡಿಗ್ರಿ ಓದಿ ಫೋನಿನಲ್ಲಿ ಹೇಳಿದರೆ, ಕಚೇರಿಯ ಗೋಡೆಯ ನಕ್ಷೆಯಲ್ಲಿ ಆ ಗೋಪುರದ ದಾರವನ್ನು ಎಳೆದು ಹಿಡಿಯುತ್ತಿದ್ದರು. ಇನ್ನೊಂದು ಗೋಪುರದ ದಾರ ಅದನ್ನು ದಾಟಿದಲ್ಲಿ ಬೆಂಕಿ. ದಾರಗಳು ತೆರೆದ ಕತ್ತರಿಯಂತೆ ಅಗಲವಾಗಿ ದಾಟಬೇಕು. ಮುಚ್ಚುತ್ತಿರುವ ಕತ್ತರಿಯಂತಿದ್ದರೆ ಕೂದಲೆಳೆಯ ತಪ್ಪೂ ಜಾಗವನ್ನು ಮೈಲುಗಟ್ಟಲೆ ಜಾರಿಸಿಬಿಡುತ್ತದೆ. ಇದೇ ತ್ರಿಕೋನದ ವಿದ್ಯೆಯಿಂದ ನಮ್ಮ ನೆಲವನ್ನು ಅಳೆಯಲು ಹೊರಟ ಬ್ರಿಟಿಷ್ ಸೇನಾಧಿಕಾರಿ ಲ್ಯಾಂಬ್ಟನ್, 1800ರ ಕೊನೆಗೆ ಬೆಂಗಳೂರಿನ ಹತ್ತಿರ ಸರಪಳಿ ಹಾಸಿ ತನ್ನ ಅಡಿರೇಖೆಯೊಂದನ್ನು, ಅಂದರೆ ತ್ರಿಕೋನದ ಮೊದಲ ಬದಿಯನ್ನು, ಅಳೆದಿದ್ದ. ಈ ಸಂಬಂಧ ನೆನೆದಾಗಲೆಲ್ಲ ನನಗೆ ರೋಮಾಂಚನ.

ಗೂಡಿನ ರಚನೆಯೂ ಈ ಕಿಂಡಿಗಾಗಿಯೇ ಇದೆ. 14 ಅಡಿ ಉದ್ದ, 14 ಅಡಿ ಅಗಲ, ನಾಲ್ಕೂ ಕಡೆ ಗಾಜು. ಕಿಟಕಿಯ ಕಂಬ ಹೊಗೆಗೆ ಅಡ್ಡ ಬಂದರೆ ಉಪಕರಣವನ್ನೇ ಕಂಬಿಗಳ ಮೇಲೆ ಪಕ್ಕಕ್ಕೆ ಸರಿಸಬಹುದು. ಸಿಡಿಲು ಬಂದಾಗ ನಿಲ್ಲಲು ಗಾಜಿನ ಕಾಲಿನ ಸ್ಟೂಲು.

ಈಗ ಬಂಡೀಪುರದಂಥ ಕಾಡುಗಳ ಬೆಂಕಿಯ ಸುಳಿವನ್ನು ಉಪಗ್ರಹ ನೋಡಿ, ಭಾರತೀಯ ಅರಣ್ಯ ಸರ್ವೇಕ್ಷಣೆ ಮೊಬೈಲಿಗೆ ಕಳಿಸುತ್ತದೆ. ಉಪಗ್ರಹದಲ್ಲಿರುವ ವಿಐಐಆರ್‌ಎಸ್ ಎಂಬ ಶಾಖ ಗುರುತಿಸುವ ಉಪಕರಣಕ್ಕೆ ಕಾಣುವ ಒಂದು ಚೌಕದ ಬದಿ 375 ಮೀಟರ್, ಅದೂ ದಿನಕ್ಕೆ ಕೆಲವೇ ಸಲ ಮೇಲೆ ಹಾದುಹೋಗುವಾಗ. 20 ಕಿಲೋಮೀಟರ್ ದೂರದ ಹೊಗೆಯನ್ನು ಒಂದು ಡಿಗ್ರಿ ತಪ್ಪಿ ಓದಿದರೆ ಆಗುವ ಪಲ್ಲಟ ಸುಮಾರು 350 ಮೀಟರ್. ಆಸ್ಬಾರ್ನ್ ಬಳೆಯಲ್ಲಿ ಡಿಗ್ರಿಯ ಸಣ್ಣ ಭಾಗಗಳನ್ನೂ ಓದಬಹುದಿತ್ತು.